ಬಾವುಟಗುಡ್ಡ

ಬಾವುಟಗುಡ್ಡವು ದಕ್ಷಿಣ ಕನ್ನಡ ಜಿಲ್ಲೆಯ ಕೇಂದ್ರವಾದ ಮಂಗಳೂರು ನಗರದ ನಡುಭಾಗದಲ್ಲಿರುವ ಒಂದು ಗುಡ್ಡ ಹಾಗೂ ಅದರ ಸುತ್ತಲಿನ ಪ್ರದೇಶ. ಬಾವುಟಗುಡ್ಡೆ ಎಂದೂ ಇದನ್ನು ಕರೆಯುತ್ತಾರೆ. ಗುಡ್ಡದ ಮೇಲಿರುವ ಹಳೆಯ ದೀಪಸ್ತಂಭದ ಕಾರಣದಿಂದ ಇಂಗ್ಲಿಷ್ ದಾಖಲೆಗಳಲ್ಲಿ ಮತ್ತು ರಸ್ತೆಯ ಹೆಸರಿನಲ್ಲಿ ಇದು ಲೈಟ್‌ಹೌಸ್ ಹಿಲ್ ಎಂದಾಗಿದೆ. 1837ರ ಏಪ್ರಿಲ್ 5ರಂದು ಸುಳ್ಯ ಸೀಮೆಯಿಂದ ಹೊರಟ ರೈತರ ದಂಡು ಮಂಗಳೂರನ್ನು ವಶಪಡಿಸಿಕೊಂಡು, ಈ ಗುಡ್ಡದ ಮೇಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಬಾವುಟವನ್ನು ಇಳಿಸಿ ತನ್ನ ಬಾವುಟವನ್ನು ಏರಿಸಿತು. 13 ದಿನಗಳ ಕಾಲ ಊರು ಕಂಪನಿಯ ಕೈತಪ್ಪಿತ್ತು. ಉತ್ತರ ಭಾರತದ 1857ರ ಹೋರಾಟಕ್ಕಿಂತ 20 ವರ್ಷ ಮೊದಲೇ ನಡೆದ ಈ ಘಟನೆಯು ಅಮರ ಸುಳ್ಯ ದಂಗೆ, ಅಮರ ಸುಳ್ಯ ಸ್ವಾತಂತ್ರ್ಯ ಸಮರ, ಕಲ್ಯಾಣಪ್ಪನ ಕಾಟಕಾಯಿ ಎಂಬ ಬೇರೆ ಬೇರೆ ಹೆಸರುಗಳಿಂದ ಪ್ರಸಿದ್ಧವಾಗಿದೆ. ಕಂದಾಯದ ಸಂಕಷ್ಟದಿಂದ ಹುಟ್ಟಿದ ರೈತ ಪ್ರತಿರೋಧವೊಂದು ಜಿಲ್ಲಾ ಕೇಂದ್ರವನ್ನೇ ಹಿಡಿಯುವ ಮಟ್ಟಕ್ಕೆ ಬೆಳೆದುದರಿಂದ ಕರಾವಳಿಯ ಚರಿತ್ರೆಯಲ್ಲಿ ಬಾವುಟಗುಡ್ಡಕ್ಕೆ ವಿಶೇಷ ಸ್ಥಾನ ದೊರೆತಿದೆ.

ಹೆಸರು

'ಬಾವುಟ' ಎಂದರೆ ಧ್ವಜ. ಬಾವುಟ ಹಾರುವ ಗುಡ್ಡ ಎಂಬುದೇ ಹೆಸರಿನ ನೇರವಾದ ಅರ್ಥ. ಈ ಹೆಸರಿನ ಬಗ್ಗೆ ಜನರಲ್ಲಿ ಎರಡು ವಿವರಣೆಗಳು ಬಳಕೆಯಲ್ಲಿವೆ. ಎತ್ತರದ ಈ ಜಾಗದಲ್ಲಿ ಆಳುವವರ ಬಾವುಟ ಸದಾ ಹಾರುತ್ತಿದ್ದು, ಅದು ಕಡಲಿನಲ್ಲಿ ಬರುವ ಹಡಗುಗಳಿಗೂ ಕಾಣುತ್ತಿದ್ದುದರಿಂದ ಈ ಹೆಸರು ಬಂತೆಂಬುದು ಒಂದು ವಿವರಣೆ. 1837ರಲ್ಲಿ ರೈತ ದಂಡು ಬಾವುಟ ಏರಿಸಿದ ನೆನಪೇ ಹೆಸರಾಗಿ ಉಳಿಯಿತೆಂಬುದು ಇನ್ನೊಂದು ವಿವರಣೆ. ಇಂಗ್ಲಿಷ್ ಹೆಸರು ದೀಪಸ್ತಂಭವನ್ನು ಸೂಚಿಸಿದರೆ, ಊರಿನವರ ಬಾಯಲ್ಲಿ ಉಳಿದಿರುವ ಹೆಸರು ಬಾವುಟವನ್ನು ಸೂಚಿಸುತ್ತದೆ. ಗುಡ್ಡದ ಮೇಲೆ ಈದ್ಗಾ ಇರುವುದರಿಂದ ಹಳೆಯ ಕೆಲವು ಬರಹಗಳಲ್ಲಿ ಇದನ್ನು ಈದ್ಗಾ ಗುಡ್ಡವೆಂದೂ ಹೇಳಲಾಗಿದೆ.

ಭೌಗೋಳಿಕ ನೆಲೆ

ಮಂಗಳೂರು ನಗರವು ಪಶ್ಚಿಮ ಘಟ್ಟದಿಂದ ಹರಿದು ಬರುವ ನೇತ್ರಾವತಿ ಮತ್ತು ಗುರುಪುರ (ಫಲ್ಗುಣಿ) ನದಿಗಳು ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯ ಬಳಿಯಲ್ಲಿದೆ. ಹಳೆಯ ಬಂದರು ತಗ್ಗಿನಲ್ಲಿದ್ದು, ಅಲ್ಲಿಂದ ಪೂರ್ವಕ್ಕೆ ಹೋದಂತೆ ಮುರಕಲ್ಲಿನ ಗುಡ್ಡಗಳು ಏರುತ್ತವೆ. ಅವುಗಳಲ್ಲಿ ಬಾವುಟಗುಡ್ಡವೂ ಒಂದು. ಇದರ ತಪ್ಪಲಲ್ಲಿ ನಗರದ ಮುಖ್ಯ ಕೂಡುದಾರಿಯಾದ ಹಂಪನಕಟ್ಟೆ ಇದೆ. ಬಲ್ಮಠ ಮತ್ತು ಕೊಡಿಯಾಲ್‌ಬೈಲ್ ನೆರೆಯ ಪ್ರದೇಶಗಳು.

ಗುಡ್ಡದ ಮೇಲೆ ನಿಂತರೆ ಪಶ್ಚಿಮಕ್ಕೆ ಬಂದರು, ಅಳಿವೆ ಮತ್ತು ಕಡಲು ಕಾಣುತ್ತವೆ. ಘಟ್ಟದ ಕಡೆಯಿಂದ ಬಂಟ್ವಾಳ, ಪಾಣೆಮಂಗಳೂರು ಮಾರ್ಗವಾಗಿ ಬರುವ ದಾರಿಯೂ ಈ ಎತ್ತರದ ಪ್ರದೇಶವನ್ನು ಹಾದೇ ಬಂದರಿಗೆ ಇಳಿಯುತ್ತದೆ. ಕಡಲಿನಿಂದ ಬರುವವರನ್ನೂ ಒಳನಾಡಿನಿಂದ ಬರುವವರನ್ನೂ ಗಮನಿಸಬಹುದಾದ ಸ್ಥಳವಾಗಿದ್ದುದರಿಂದ ಊರನ್ನು ಆಳಿದವರಿಗೆ ಈ ಗುಡ್ಡ ಮುಖ್ಯವಾಯಿತು.

ಕಂಪನಿಗೆ ಮೊದಲು

ಮಂಗಳೂರು ಅಕ್ಕಿ, ಕರಿಮೆಣಸು ಮೊದಲಾದ ಸರಕುಗಳ ರಫ್ತಿನ ಬಂದರಾಗಿತ್ತು. ಆದ್ದರಿಂದ ಬಂದರಿನ ಒಡೆತನಕ್ಕಾಗಿ ಅನೇಕ ಶಕ್ತಿಗಳು ಸೆಣಸಿದವು. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಇಲ್ಲಿ ನೆಲೆಯೂರಿದರು. 1568ರಲ್ಲಿ ಕೋಟೆಯನ್ನು ಕಟ್ಟಿದರು. ಸುತ್ತಲಿನ ನಾಡನ್ನು ಬಂಗ, ಚೌಟ, ಅಜಿಲ, ಡೊಂಬ ಹೆಗ್ಗಡೆ ಮೊದಲಾದ ಸ್ಥಳೀಯ ಅರಸು ಮನೆತನಗಳು ಆಳುತ್ತಿದ್ದವು. 17ನೆಯ ಶತಮಾನದ ಮಧ್ಯದಲ್ಲಿ ಕೆಳದಿಯ ಶಿವಪ್ಪ ನಾಯಕನು ಪೋರ್ಚುಗೀಸರ ಬಲವನ್ನು ಕುಗ್ಗಿಸಿದನು.

1763ರಲ್ಲಿ ಹೈದರ್ ಅಲಿಯು ಬಿದನೂರನ್ನು ಗೆದ್ದಾಗ ಕೆಳದಿ ಅರಸರ ಅಧೀನದಲ್ಲಿದ್ದ ಕರಾವಳಿಯೂ ಮೈಸೂರಿನ ವಶವಾಯಿತು. ಹೈದರನು ಮಂಗಳೂರನ್ನು ತನ್ನ ನೌಕಾಬಲದ ನೆಲೆಯಾಗಿ ಬಳಸಿಕೊಂಡನು. ಬಾವುಟಗುಡ್ಡದ ಮೇಲಿನ ಗೋಪುರವನ್ನು ಕಡಲ ಕಾವಲಿಗಾಗಿ ಕಟ್ಟಿಸಿದವನು ಅವನೇ ಎಂಬ ಪ್ರತೀತಿಯಿದೆ. 1768ರಲ್ಲಿ ಮುಂಬಯಿಯಿಂದ ಬಂದ ಕಂಪನಿ ಸೈನ್ಯವು ಮಂಗಳೂರನ್ನು ಹಿಡಿದು, ಕೆಲವೇ ತಿಂಗಳಲ್ಲಿ ಕಳೆದುಕೊಂಡಿತು.

ಎರಡನೆಯ ಆಂಗ್ಲೋ-ಮೈಸೂರು ಯುದ್ಧದ ಕಾಲದಲ್ಲಿ, 1783ರ ಮಾರ್ಚ್‌ನಲ್ಲಿ, ಊರು ಮತ್ತೆ ಕಂಪನಿಯ ಕೈಸೇರಿತು. ಟಿಪ್ಪು ಸುಲ್ತಾನನು ಅದೇ ವರ್ಷದ ಮೇ ತಿಂಗಳಿನಿಂದ ಕೋಟೆಗೆ ಮುತ್ತಿಗೆ ಹಾಕಿದನು. ಕರ್ನಲ್ ಕ್ಯಾಂಪ್‌ಬೆಲ್‌ನ ನೇತೃತ್ವದ ಸೈನ್ಯವು ಹಸಿವು ಮತ್ತು ರೋಗಗಳಿಂದ ನಲುಗಿ 1784ರ ಜನವರಿಯಲ್ಲಿ ಕೋಟೆಯನ್ನು ಬಿಟ್ಟುಕೊಟ್ಟಿತು. 1784ರ ಮಾರ್ಚ್ 11ರಂದು ಇಲ್ಲಿ ಸಹಿಯಾದ ಮಂಗಳೂರು ಒಪ್ಪಂದವು ಆ ಯುದ್ಧವನ್ನು ಕೊನೆಗೊಳಿಸಿತು. ಯುದ್ಧದ ಹೊರೆಯನ್ನು ಊರಿನ ಜನರೂ ಹೊತ್ತರು. ಕಂಪನಿಗೆ ನೆರವಾದರೆಂಬ ಆರೋಪದ ಮೇಲೆ ಕರಾವಳಿಯ ಕ್ಯಾಥೊಲಿಕ್ ಕ್ರೈಸ್ತರನ್ನು 1784ರಲ್ಲಿ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಹಂಪನಕಟ್ಟೆಯ ಬಳಿ 1680ರಲ್ಲಿ ಸ್ಥಾಪನೆಯಾಗಿದ್ದ ಮಿಲಾಗ್ರಿಸ್ ಇಗರ್ಜಿಯೂ ಆಗ ನಾಶವಾಯಿತು. ಮುಂದೆ ಅದನ್ನು ಮತ್ತೆ ಕಟ್ಟಲಾಯಿತು.

ಕಂಪನಿ ಆಡಳಿತದ ಆರಂಭ

1799ರ ಮೇ 4ರಂದು ಟಿಪ್ಪು ಮಡಿದ ಬಳಿಕ ಕೆನರಾ ಪ್ರದೇಶವು ಕಂಪನಿಯ ಪಾಲಿಗೆ ಬಂತು. ಇಂದಿನ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಮತ್ತು ಕಾಸರಗೋಡು ಜಿಲ್ಲೆಗಳ ಬಹುಭಾಗ ಇದರಲ್ಲಿ ಸೇರಿತ್ತು. ಥಾಮಸ್ ಮನ್ರೋ ಇದರ ಮೊದಲ ಕಲೆಕ್ಟರನಾದನು. ಹೊಸ ಆಡಳಿತವನ್ನು ಜನರು ಸುಮ್ಮನೆ ಒಪ್ಪಲಿಲ್ಲ. ಅಧಿಕಾರವನ್ನು ಮರಳಿ ಪಡೆಯಲು ಯತ್ನಿಸಿದ ವಿಟ್ಲದ ಡೊಂಬ ಹೆಗ್ಗಡೆಯನ್ನು 1800ರಲ್ಲಿ ಗಲ್ಲಿಗೇರಿಸಲಾಯಿತು. ಅದೇ ಕಾಲದಲ್ಲಿ ಬೆಳ್ತಂಗಡಿಯ ಬಳಿಯ ಜಮಾಲಾಬಾದ್ ಕೋಟೆಯನ್ನು ತಿಮ್ಮ ನಾಯಕನು ಹಿಡಿದು ಕೆಲವು ಕಾಲ ಕಂಪನಿಗೆ ಎದುರಾಗಿ ನಿಂತನು.

ಮಂಗಳೂರು ಕಲೆಕ್ಟರನ ಕಚೇರಿ, ನ್ಯಾಯಾಲಯ, ಸೆರೆಮನೆ ಮತ್ತು ಖಜಾನೆಗಳಿರುವ ಆಡಳಿತ ಕೇಂದ್ರವಾಯಿತು. ಉಡುಪಿ, ಬಾರಕೂರು, ಕಾರ್ಕಳ ಮೊದಲಾದ ಕಡೆಯ ರೈತರ ಕಂದಾಯದ ತೀರ್ಮಾನವೂ ಇಲ್ಲಿಯೇ ಆಗುತ್ತಿತ್ತು. ಕರಾವಳಿಯಲ್ಲಿ ರೈತನ ಹಿಡುವಳಿಗೆ 'ವರ್ಗ' ಎಂಬ ಹೆಸರಿದೆ. 1819ರ ಸುಮಾರಿಗೆ, ಕಂಪನಿ ಬಂದ ಮೇಲಿನ ವಸೂಲಿಯ ಸರಾಸರಿಯನ್ನು ಆಧರಿಸಿ ಪ್ರತಿ ವರ್ಗಕ್ಕೂ 'ತರಾವು' ಎಂಬ ಕಂದಾಯವನ್ನು ನಿಗದಿಪಡಿಸಲಾಯಿತು. ಮುಂದೆ, ಆ ಮೊತ್ತವನ್ನು ಪೂರ್ತಿಯಾಗಿ ಕಟ್ಟಬಲ್ಲ ವರ್ಗಗಳನ್ನು 'ಭರ್ತಿ' ಎಂದೂ ಕಟ್ಟಲಾರದವುಗಳನ್ನು 'ಕಂಭರ್ತಿ' ಎಂದೂ ವಿಂಗಡಿಸಲಾಯಿತು. ಕಟ್ಟಲಾರದ ವರ್ಗಗಳಿಗಾಗಿಯೇ ಒಂದು ಹೆಸರು ಬೇಕಾಯಿತೆಂಬುದು ಕಂದಾಯದ ಭಾರ ಎಷ್ಟಿತ್ತೆಂಬುದನ್ನು ತೋರಿಸುತ್ತದೆ. ಭೂಕಂದಾಯದ ಜೊತೆಗೆ ಉಪ್ಪು ಮತ್ತು ಹೊಗೆಸೊಪ್ಪಿನ ಮಾರಾಟವನ್ನೂ ಕಂಪನಿ ತನ್ನ ಏಕಸ್ವಾಮ್ಯಕ್ಕೆ ಒಳಪಡಿಸಿತು. ಇದರಿಂದ ಭೂಮಿಯಿಲ್ಲದವರ ಮೇಲೂ ಹೊರೆ ಬಿತ್ತು.

1830–31ರಲ್ಲಿ ಬೆಳೆಗಳ ಬೆಲೆ ಕುಸಿದಾಗ ರೈತರು 'ಕೂಟ'ಗಳನ್ನು ಸೇರಿಸಿ ಕಂದಾಯ ಕೊಡುವುದಿಲ್ಲವೆಂದು ಸಾರಿದರು. ಬಾರಕೂರು, ಬ್ರಹ್ಮಾವರಗಳಿಂದ ಹಿಡಿದು ದಕ್ಷಿಣದ ಮಂಜೇಶ್ವರದವರೆಗೆ ಇಂಥ ಕೂಟಗಳು ನಡೆದವು. ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನದ ಬಳಿಯೂ ರೈತರು ನೆರೆದರು. ಆಯುಧವಿಲ್ಲದೆ, ಅರ್ಜಿ ಮತ್ತು ಅಸಹಕಾರಗಳ ಮೂಲಕ ನಡೆದ ಈ ಪ್ರತಿಭಟನೆಯು 1837ರ ಸಶಸ್ತ್ರ ದಂಗೆಗೆ ಹಿನ್ನೆಲೆಯಾಗಿ ನಿಲ್ಲುತ್ತದೆ.

ಕೊಡಗಿನ ಪತನ ಮತ್ತು ಸುಳ್ಯ ಸೀಮೆ

1834ರ ಏಪ್ರಿಲ್‌ನಲ್ಲಿ ಕಂಪನಿಯು ಕೊಡಗಿನ ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿತು. ಮೇ ತಿಂಗಳಲ್ಲಿ ಕೊಡಗನ್ನು ತನ್ನ ಆಡಳಿತಕ್ಕೆ ಸೇರಿಸಿಕೊಂಡಿತು. ಅದುವರೆಗೆ ಕೊಡಗಿನ ಅರಸರ ಅಧೀನದಲ್ಲಿದ್ದ, ಘಟ್ಟದ ಕೆಳಗಿನ ಅಮರ ಸುಳ್ಯ, ಬೆಳ್ಳಾರೆ, ಪಂಜ ಮೊದಲಾದ ಮಾಗಣೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಆ ಜನರಿಗೆ ಇದು ಆಳುವವರ ಬದಲಾವಣೆ ಮಾತ್ರವಾಗಿರಲಿಲ್ಲ. ಕೊಡಗಿನ ಅರಸರ ಕಾಲದಲ್ಲಿ ಕಂದಾಯವನ್ನು ಧಾನ್ಯದ ರೂಪದಲ್ಲಿ ಸಲ್ಲಿಸುವ ಅವಕಾಶವಿತ್ತು. ಕೆನರಾದ ಪದ್ಧತಿಯಲ್ಲಿ ಅದನ್ನು ನಗದಾಗಿ ಕಟ್ಟಬೇಕಾಗಿತ್ತು.

ನಗದು ಪಡೆಯಬೇಕಾದರೆ ರೈತನು ಕೊಯ್ಲಾದ ಕೂಡಲೇ, ಬೆಲೆ ತೀರ ಕಡಿಮೆ ಇರುವಾಗಲೇ ಭತ್ತವನ್ನು ಮಾರಬೇಕು. ಇಲ್ಲವೇ ಸಾಹುಕಾರನಿಂದ ಸಾಲ ತರಬೇಕು. ಕಾಡು, ಗುಡ್ಡಗಳಿಂದ ಕೂಡಿದ ಸುಳ್ಯ ಸೀಮೆಯಲ್ಲಿ ಪೇಟೆಗಳು ವಿರಳವಾಗಿದ್ದು, ಅಹವಾಲು ಹೇಳಿಕೊಳ್ಳಲು ಹೋಗಬೇಕಾದ ಕಲೆಕ್ಟರನ ಕಚೇರಿ ದೂರದ ಮಂಗಳೂರಿನಲ್ಲಿತ್ತು. ಮಾಗಣೆಗಳನ್ನು ಬೇರ್ಪಡಿಸಿದ್ದರಿಂದ ಕೊಡಗಿನ ಕಡೆಯ ಬಂಧು ಬಳಗದಿಂದಲೂ ತಾವು ದೂರವಾದೆವೆಂಬ ಅಸಮಾಧಾನ ಜನರಲ್ಲಿತ್ತು.

ಈ ಅಸಮಾಧಾನಕ್ಕೆ ಹಾಲೇರಿ ವಂಶದ ಹೆಸರು ಒಂದು ಕೇಂದ್ರವನ್ನು ಒದಗಿಸಿತು. ತಾವು ರಾಜವಂಶಕ್ಕೆ ಸೇರಿದವರೆಂದು ಹೇಳಿಕೊಂಡ ಸ್ವಾಮಿ ಅಪರಂಪಾರ ಮತ್ತು ಕಲ್ಯಾಣಸ್ವಾಮಿ ಎಂಬವರು ಜಂಗಮರ ವೇಷದಲ್ಲಿ ಸಂಚರಿಸಿ ಜನರನ್ನು ಸಂಘಟಿಸತೊಡಗಿದರು. ಇಬ್ಬರನ್ನೂ ಕಂಪನಿಯು ಒಬ್ಬರ ಬಳಿಕ ಒಬ್ಬರಂತೆ ಸೆರೆಹಿಡಿಯಿತು. ಆಗ ಪುಟ್ಟಬಸಪ್ಪ ಎಂಬ ರೈತನನ್ನು ಹೋರಾಟದ ಮುಖಂಡರು ಕಲ್ಯಾಣಸ್ವಾಮಿಯೆಂದು ಜನರ ಮುಂದೆ ನಿಲ್ಲಿಸಿದರು. ಹೀಗಾಗಿ ಜನರು ನೆನಪಿಟ್ಟುಕೊಂಡ 'ಕಲ್ಯಾಣಪ್ಪ' ಅರಸು ಮನೆತನದವನಲ್ಲ, ರೈತ ಕುಟುಂಬದವನು.

1837ರ ಮಾರ್ಚ್: ಸುಳ್ಯದಿಂದ ಮಂಗಳೂರಿಗೆ

ಸಂಘಟನೆಯ ಮುಂಚೂಣಿಯಲ್ಲಿದ್ದವರು ಸುಳ್ಯದ ಬಳಿಯ ಉಬರಡ್ಕ ಮಿತ್ತೂರಿನ ಕೆದಂಬಾಡಿ ರಾಮಯ್ಯ ಗೌಡರು. ಕೊಡಗಿನ ಕಡೆಯಿಂದ ಗುಡ್ಡೆಮನೆ ಅಪ್ಪಯ್ಯ ಗೌಡರು ಪ್ರಮುಖರಾಗಿದ್ದರು. ಹುಲಿಕಡಿದ ನಂಜಯ್ಯ, ಕುರ್ತು ಕುಡಿಯ ಮೊದಲಾದವರ ಹೆಸರುಗಳೂ ಈ ಹೋರಾಟದ ಜೊತೆ ಕೇಳಿಬರುತ್ತವೆ. ಅರೆಭಾಷೆ ಗೌಡರು, ಕುಡಿಯರು, ಲಿಂಗಾಯತರು, ಬ್ರಾಹ್ಮಣರು, ಬಂಟರು, ಜೈನರು, ಮುಸ್ಲಿಮರು ಹೀಗೆ ಅನೇಕ ಸಮುದಾಯಗಳವರು ಇದರಲ್ಲಿ ಪಾಲ್ಗೊಂಡರು. ಕಂಪನಿಯ ಗಮನಕ್ಕೆ ಬಾರದಂತೆ ಜನರನ್ನೂ ದವಸಧಾನ್ಯವನ್ನೂ ಕೂಡಿಸಲು ಕೆದಂಬಾಡಿ ಮನೆಯಲ್ಲಿ ಮದುವೆಯ ಸಿದ್ಧತೆಯ ನೆಪವನ್ನು ಒಡ್ಡಲಾಗಿತ್ತೆಂದು ಸುಳ್ಯ ಸೀಮೆಯಲ್ಲಿ ಹೇಳುತ್ತಾರೆ.

ಮಾರ್ಚ್ ತಿಂಗಳ ಕೊನೆಯಲ್ಲಿ ಕಂಪನಿಯ ಪಕ್ಷದಲ್ಲಿದ್ದ ಅಟ್ಲೂರು ರಾಮಪ್ಪಯ್ಯ ಎಂಬಾತನ ಹತ್ಯೆಯೊಂದಿಗೆ ದಂಗೆ ಬಹಿರಂಗವಾಯಿತು. ದಂಡು ಬೆಳ್ಳಾರೆಗೆ ಹೋಗಿ ಅಲ್ಲಿನ ಸರ್ಕಾರಿ ಖಜಾನೆಯನ್ನು ವಶಪಡಿಸಿಕೊಂಡಿತು. ಆ ಖಜಾನೆಯಿದ್ದ ಕಟ್ಟಡದ ನೆಲೆ ಇಂದಿಗೂ ಬೆಳ್ಳಾರೆಯಲ್ಲಿ ಬಂಗ್ಲೆಗುಡ್ಡೆ ಎಂದು ಪ್ರಸಿದ್ಧವಾಗಿದೆ.

ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಊರೂರಿಗೆ ನಿರೂಪಗಳನ್ನು ಕಳುಹಿಸಲಾಯಿತು. ಕೆಲವು ಕಾಲ ಕಂದಾಯ ಮಾಫಿ ಮಾಡುವುದಾಗಿಯೂ ಉಪ್ಪು, ಹೊಗೆಸೊಪ್ಪುಗಳ ಮೇಲಿನ ಕಟ್ಟನ್ನು ತೆಗೆದುಹಾಕುವುದಾಗಿಯೂ ಅವುಗಳಲ್ಲಿ ಭರವಸೆಯಿತ್ತು. ಅರಸನ ಹೆಸರಿನಲ್ಲಿ ಹೊರಟರೂ ನಿರೂಪಗಳು ಮಾತನಾಡಿದ್ದು ರೈತನ ಮನೆಯ ಕಷ್ಟವನ್ನೇ. ದಂಡು ಹೋದಲ್ಲೆಲ್ಲ ಜನ ಬಂದು ಸೇರಲು ಇದು ಮುಖ್ಯ ಕಾರಣವಾಯಿತು.

ದಂಗೆಯ ಸುದ್ದಿ ತಿಳಿದು ಮಂಗಳೂರಿನ ಕಲೆಕ್ಟರನು ಸಿಪಾಯಿಗಳೊಂದಿಗೆ ಪುತ್ತೂರಿಗೆ ಬಂದನು. ಎದುರಾದ ಜನಸಮೂಹವನ್ನು ಕಂಡು ಅಲ್ಲಿ ನಿಲ್ಲಲಾಗದೆ ಮಂಗಳೂರಿಗೆ ಹಿಂದಿರುಗಿದನು. ಈ ಹಿನ್ನಡೆಯ ಸುದ್ದಿ ದಂಡಿನ ಬಲವನ್ನು ಹೆಚ್ಚಿಸಿತು. ಪಾಣೆಮಂಗಳೂರು, ಬಂಟ್ವಾಳಗಳ ಮಾರ್ಗವಾಗಿ ದಂಡು ಮುಂದುವರಿಯಿತು. ನಂದಾವರದ ಲಕ್ಷ್ಮಪ್ಪ ಬಂಗರಸನು ತನ್ನ ಜನರೊಂದಿಗೆ ಸೇರಿಕೊಂಡನು. ಅಧಿಕಾರ ಕಳೆದುಕೊಂಡಿದ್ದ ಹಳೆಯ ಅರಸು ಮನೆತನವೂ ಕಂದಾಯದ ಭಾರಕ್ಕೆ ಸಿಲುಕಿದ್ದ ರೈತರೂ ಇಲ್ಲಿ ಒಂದಾದರು.

ಹದಿಮೂರು ದಿನಗಳು

1837ರ ಏಪ್ರಿಲ್ 5ರಂದು ದಂಡು ಮಂಗಳೂರನ್ನು ಪ್ರವೇಶಿಸಿತು. ಬಾವುಟಗುಡ್ಡದ ಮೇಲಿದ್ದ ಕಂಪನಿಯ ಬಾವುಟ ಇಳಿಯಿತು. ಹೋರಾಟಗಾರರ ಬಾವುಟ ಏರಿತು. ಕಡಲಿನಿಂದಲೂ ಊರಿನ ಬೀದಿಗಳಿಂದಲೂ ಕಾಣುವ ಸ್ಥಳವಾದ್ದರಿಂದ ಆಡಳಿತ ಬದಲಾಯಿತೆಂಬುದನ್ನು ಸಾರಲು ಬೇರೆ ಡಂಗುರ ಬೇಕಾಗಿರಲಿಲ್ಲ. ಸೆರೆಮನೆಯ ಬಾಗಿಲು ತೆರೆದು ಕೈದಿಗಳನ್ನು ಬಿಡುಗಡೆ ಮಾಡಲಾಯಿತು. ಸರ್ಕಾರಿ ಕಚೇರಿಗಳೂ ಅಧಿಕಾರಿಗಳ ಮನೆಗಳೂ ಬೆಂಕಿಗೆ ತುತ್ತಾದವು. ಕಂಪನಿಯ ಅಧಿಕಾರಿಗಳು ಹಡಗು ಹತ್ತಿ ಕಣ್ಣೂರಿನತ್ತ ಹೋದರು.

ಕಚೇರಿಗಳ ಮೇಲೆ ನಡೆದ ದಾಳಿಯನ್ನು ಕೇವಲ ಲೂಟಿಯೆಂದು ನೋಡಿದರೆ ಘಟನೆಯ ಅರ್ಥ ತಿಳಿಯುವುದಿಲ್ಲ. ಬಾಕಿ ಕಂದಾಯದ ಲೆಕ್ಕ ಇದ್ದುದೂ ಜಪ್ತಿಯ ಆಜ್ಞೆ ಹೊರಟುದೂ ಕಚೇರಿಯಿಂದಲೇ. ಬಾಕಿದಾರನಾದ ರೈತನ ಪಾಲಿಗೆ ಆಡಳಿತವೆಂದರೆ ಆ ಕಡತಗಳೇ ಆಗಿದ್ದವು.

ಮಂಗಳೂರು 13 ದಿನಗಳ ಕಾಲ ಹೋರಾಟಗಾರರ ವಶದಲ್ಲಿತ್ತೆಂಬುದು ಪ್ರಚಲಿತ ನಿರೂಪಣೆ. ಅಷ್ಟು ಅಲ್ಪಾವಧಿಯಲ್ಲಿ ಹೊಸ ಆಡಳಿತ ವ್ಯವಸ್ಥೆಯೊಂದು ರೂಪುಗೊಳ್ಳುವುದು ಸಾಧ್ಯವಿರಲಿಲ್ಲ. ನಾನಾ ಕಡೆಗಳಿಂದ ಬಂದು ಸೇರಿದ ಜನರನ್ನು ಶಿಸ್ತಿಗೆ ಒಳಪಡಿಸುವುದೂ ಸುಲಭವಾಗಿರಲಿಲ್ಲ. ಪೇಟೆಯ ವರ್ತಕರಲ್ಲಿ ಭೀತಿ ಹರಡಿತ್ತು. ಮುಂದಿನ ತಲೆಮಾರುಗಳಲ್ಲಿ ಈ ಘಟನೆಗೆ ಎರಡು ಬಗೆಯ ನೆನಪುಗಳು ಉಳಿಯಲು ಇದೂ ಒಂದು ಕಾರಣ.

ದಮನ ಮತ್ತು ಶಿಕ್ಷೆ

ಕಣ್ಣೂರಿನಿಂದ ಕಡಲ ಮಾರ್ಗವಾಗಿ ಕಂಪನಿ ಸೈನ್ಯ ಬಂದಿಳಿದಾಗ ಪರಿಸ್ಥಿತಿ ಬದಲಾಯಿತು. ಬಂದರು ಮತ್ತು ಹಡಗುಗಳು ಕಂಪನಿಯ ಬಲವಾಗಿದ್ದವು. ಕತ್ತಿ, ಕೋವಿ ಹಿಡಿದ ರೈತರ ದಂಡಿಗೆ ತರಬೇತಾದ ಸೈನ್ಯವನ್ನು ಬಹುಕಾಲ ಎದುರಿಸಲು ಆಗಲಿಲ್ಲ. ಮಂಗಳೂರು ಮತ್ತೆ ಕಂಪನಿಯ ವಶವಾಯಿತು. ಹೋರಾಟಗಾರರು ಒಳನಾಡಿನತ್ತ ಚದುರಿದರು.

ಘಟ್ಟದ ಮೇಲೆ ಕಂಪನಿಯು ಕೊಡಗಿನ ದಿವಾನರ ಮತ್ತು ಅವರ ಅನುಯಾಯಿಗಳ ನೆರವು ಪಡೆಯಿತು. ದಿವಾನ ಅಪ್ಪಾರಂಡ ಬೋಪು ಮೊದಲಾದವರು ದಂಗೆಯನ್ನು ಅಡಗಿಸುವ ಕಾರ್ಯದಲ್ಲಿ ಪಾಲ್ಗೊಂಡರು. ಹೀಗೆ ನೆರವಾದವರಿಗೆ ಕಂಪನಿಯು ಚಿನ್ನ ಮತ್ತು ಬೆಳ್ಳಿಯ ಪದಕಗಳನ್ನು ನೀಡಿತು. ಕೊಡಗಿನ ಯೋಧನ ಚಿತ್ರವಿರುವ ಆ ಪದಕಗಳ ಮೇಲೆ ಕನ್ನಡದಲ್ಲಿಯೂ ಬರಹವಿದೆ. ಒಂದೇ ನಾಡಿನ ಜನರು ಈ ಹೋರಾಟದ ಎರಡೂ ಪಕ್ಕಗಳಲ್ಲಿ ನಿಂತಿದ್ದರೆಂಬುದಕ್ಕೆ ಅವು ಸಾಕ್ಷಿಯಾಗಿವೆ.

ಸೆರೆಸಿಕ್ಕ ಮುಖಂಡರ ಮೇಲೆ ವಿಚಾರಣೆ ನಡೆಯಿತು. ಕಲ್ಯಾಣಸ್ವಾಮಿಯೆಂದು ಕರೆಸಿಕೊಂಡ ಪುಟ್ಟಬಸಪ್ಪನನ್ನೂ ಲಕ್ಷ್ಮಪ್ಪ ಬಂಗರಸನನ್ನೂ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ಬಿಕರ್ನಕಟ್ಟೆಯು ಮಂಗಳೂರಿನಿಂದ ಒಳನಾಡಿಗೆ ಹೋಗುವ ದಾರಿಯಲ್ಲಿದೆ. ಜನರಲ್ಲಿ ಭಯ ಹುಟ್ಟಿಸಲೆಂದೇ ಹಾಗೆ ದಾರಿಹೋಕರ ಕಣ್ಣೆದುರು ಶಿಕ್ಷೆ ನಡೆಯಿತೆಂದು ಊರಿನವರು ಹೇಳುತ್ತಾ ಬಂದಿದ್ದಾರೆ. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಇನ್ನೂ ಅನೇಕರಿಗೆ ಸೆರೆವಾಸ ಹಾಗೂ ಗಡೀಪಾರಿನ ಶಿಕ್ಷೆಯಾಯಿತು.

ಹೆಸರಿನ ಮತ್ತು ಸ್ವರೂಪದ ಚರ್ಚೆ

ಕಂಪನಿಯ ದಾಖಲೆಗಳು ಈ ಘಟನೆಯನ್ನು ಬಂಡಾಯವೆಂದು ಕರೆದವು. ಜನರ ಮಾತಿನಲ್ಲಿ ಅದು 'ಕಲ್ಯಾಣಪ್ಪನ ಕಾಟಕಾಯಿ' ಎಂದಾಯಿತು. 'ಕಾಟಕಾಯಿ' ಎಂಬ ಮಾತಿಗೆ ಗಲಭೆ, ಸುಲಿಗೆ ಎಂಬ ಧ್ವನಿಯಿದೆ. ಗೆದ್ದವರ ದೃಷ್ಟಿಯೇ ಸೋತವರ ನಾಡಿನ ಆಡುಮಾತಿನಲ್ಲಿ ನೆಲೆಗೊಂಡಿತೆಂದು ಇದನ್ನು ವಿವರಿಸುವುದುಂಟು. ದಂಗೆಯ ದಿನಗಳಲ್ಲಿ ಪೇಟೆಯವರು ಅನುಭವಿಸಿದ ಭಯವೂ ಈ ಹೆಸರಿನಲ್ಲಿ ಸೇರಿರಬಹುದು.

ಘಟನೆ ನಡೆದಾಗ ಮಂಗಳೂರಿನಲ್ಲಿ ಮುದ್ರಣಾಲಯವಿರಲಿಲ್ಲ. ಬಾಸೆಲ್ ಮಿಷನ್ ಮುದ್ರಣಾಲಯ ಆರಂಭವಾದುದು 1841ರಲ್ಲಿ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ' ಹೊರಬಂದುದು 1843ರ ಜುಲೈ 1ರಂದು. ಹಾಗಾಗಿ ಹೋರಾಟಗಾರರ ಮಾತು ಅಚ್ಚಿನಲ್ಲಿ ಉಳಿಯಲಿಲ್ಲ. ಕಂಪನಿಯ ಪತ್ರವ್ಯವಹಾರ, ವಿಚಾರಣೆಯ ದಾಖಲೆಗಳು ಮತ್ತು ಸುಳ್ಯ, ಕೊಡಗು ಸೀಮೆಗಳ ಮೌಖಿಕ ಪರಂಪರೆ ಇವೇ ಮುಖ್ಯ ಆಧಾರಗಳಾದವು. 'ಮಂಗಳೂರ ಸಮಾಚಾರ'ದ ಸಂಪಾದಕನಾಗಿದ್ದ ಹೆರ್ಮನ್ ಮೊಗ್ಲಿಂಗ್ 1855ರಲ್ಲಿ ಪ್ರಕಟಿಸಿದ ಕೊಡಗಿನ ಕುರಿತ ಇಂಗ್ಲಿಷ್ ಗ್ರಂಥವು ಆ ಕಾಲದ ಮಿಷನರಿ ದೃಷ್ಟಿಯನ್ನು ತೋರಿಸುತ್ತದೆ.

20ನೆಯ ಶತಮಾನದಲ್ಲಿ ಈ ನೆನಪಿಗೆ ಹೊಸ ರೂಪ ಬಂತು. ಕಾದಂಬರಿಕಾರ ನಿರಂಜನರು 'ಕಲ್ಯಾಣಸ್ವಾಮಿ' ಮತ್ತು 'ಸ್ವಾಮಿ ಅಪರಂಪಾರ' ಕಾದಂಬರಿಗಳ ಮೂಲಕ ಇದನ್ನು ಕನ್ನಡ ಓದುಗರ ಮುಂದಿಟ್ಟರು. ಇತಿಹಾಸಕಾರ ಎನ್. ಶ್ಯಾಮ್ ಭಟ್ ಅವರು 1799ರಿಂದ 1860ರವರೆಗಿನ ದಕ್ಷಿಣ ಕನ್ನಡದ ವಸಾಹತು ಆಡಳಿತವನ್ನೂ ಅದಕ್ಕೆ ಜನರ ಪ್ರತಿಕ್ರಿಯೆಯನ್ನೂ ಕುರಿತು ಸಂಶೋಧನೆ ನಡೆಸಿದರು.

ದಂಗೆಯ ಸ್ವರೂಪದ ಬಗ್ಗೆ ಭಿನ್ನ ನಿಲುವುಗಳಿವೆ. ಹಾಲೇರಿ ರಾಜ್ಯವನ್ನು ಮರಳಿ ಸ್ಥಾಪಿಸುವ ಯತ್ನವೆಂದು ಕೆಲವರು, ವಸಾಹತು ಕಂದಾಯ ಪದ್ಧತಿಯ ವಿರುದ್ಧದ ರೈತ ಹೋರಾಟವೆಂದು ಕೆಲವರು, ದೇಶದ ಮೊದಲ ಸ್ವಾತಂತ್ರ್ಯ ಸಮರವೆಂದು ಇನ್ನು ಕೆಲವರು ಪರಿಗಣಿಸುತ್ತಾರೆ. ಈ ಮೂರಕ್ಕೂ ಘಟನೆಯಲ್ಲಿ ಆಧಾರಗಳಿವೆ. ಮುಂದಿಟ್ಟ ಹೆಸರು ರಾಜವಂಶದ್ದು. ಸೇರಿದ ಜನರಲ್ಲಿ ಹೆಚ್ಚಿನವರು ರೈತರು. ಎದುರಿಸಿದ ಶಕ್ತಿ ವಿದೇಶೀ ಕಂಪನಿ. ಆದರೆ ರಾಜವಂಶದವನಲ್ಲದ ಒಬ್ಬನನ್ನು ಮುಂದಿರಿಸಿದಾಗಲೂ ಜನರು ಹಿಂದೆ ಸರಿಯಲಿಲ್ಲ. ಅರಸನ ಮೇಲಿನ ನಿಷ್ಠೆಗಿಂತ ಬದುಕಿನ ಸಂಕಷ್ಟವೇ ಅವರನ್ನು ಬಾವುಟಗುಡ್ಡದವರೆಗೆ ನಡೆಸಿತೆಂಬ ಅಭಿಪ್ರಾಯಕ್ಕೆ ಇದು ಬಲ ನೀಡುತ್ತದೆ.

ದಂಗೆಯ ನಂತರದ ಬಾವುಟಗುಡ್ಡ

19ನೆಯ ಶತಮಾನದ ಉತ್ತರಾರ್ಧದಲ್ಲಿ ಗುಡ್ಡವೂ ಅದರ ನೆರೆಹೊರೆಯೂ ವಿದ್ಯಾಕೇಂದ್ರವಾಗಿ ಬೆಳೆದವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಮುಂದೆ ಬಲ್ಮಠವನ್ನು ತನ್ನ ಕೇಂದ್ರವನ್ನಾಗಿ ಮಾಡಿಕೊಂಡಿತು. ಹಂಪನಕಟ್ಟೆಯಲ್ಲಿ 1868ರಲ್ಲಿ ಆರಂಭವಾದ ಸರ್ಕಾರಿ ವಿದ್ಯಾಸಂಸ್ಥೆಯು ಇಂದಿನ ವಿಶ್ವವಿದ್ಯಾಲಯ ಕಾಲೇಜಾಗಿ ಬೆಳೆದಿದೆ. 1880ರಲ್ಲಿ ಜೆಸುಯಿಟ್ ಪಾದ್ರಿಗಳು ಸ್ಥಾಪಿಸಿದ ಸಂತ ಅಲೋಶಿಯಸ್ ಕಾಲೇಜು 1885ರಲ್ಲಿ ಬಾವುಟಗುಡ್ಡದ ಮೇಲಿನ ಕಟ್ಟಡಕ್ಕೆ ಬಂತು. ಅದರ ಪ್ರಾರ್ಥನಾ ಮಂದಿರದ ಗೋಡೆ ಮತ್ತು ಚಾವಣಿಗಳ ಮೇಲೆ ಇಟಲಿಯ ಕಲಾವಿದ ಆಂಟೋನಿಯೋ ಮೊಸ್ಕೇನಿ 1899ರಿಂದ 1901ರವರೆಗೆ ಬಿಡಿಸಿದ ಚಿತ್ರಗಳು ಪ್ರಸಿದ್ಧವಾಗಿವೆ. ಈ ಕಾಲೇಜು 2024ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ಪಡೆಯಿತು. ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ 1953ರಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮಂಗಳೂರು ಶಾಖೆಯೂ ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ ನೆಲೆಗೊಂಡಿತು.

ಆಡಳಿತದ ಗಡಿಗಳೂ ಬದಲಾದವು. ಕೆನರಾ ಜಿಲ್ಲೆಯನ್ನು ಎರಡಾಗಿ ವಿಭಜಿಸಲಾಯಿತು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯದಲ್ಲಿಯೇ ಉಳಿದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯದ ಭಾಗವಾಯಿತು. ಆಗ ಕಾಸರಗೋಡು ಕೇರಳಕ್ಕೆ ಸೇರಿತು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು.

ರಾಷ್ಟ್ರೀಯ ಚಳವಳಿಯ ಕಾಲ

20ನೆಯ ಶತಮಾನದಲ್ಲಿ ಗುಡ್ಡದ ತಪ್ಪಲಿನ ಪ್ರದೇಶವು ರಾಷ್ಟ್ರೀಯ ಚಳವಳಿಯ ಚಟುವಟಿಕೆಗಳನ್ನು ಕಂಡಿತು. 1920ರ ಆಗಸ್ಟ್‌ನಲ್ಲಿ ಮಹಾತ್ಮಾ ಗಾಂಧೀಜಿಯವರು ಶೌಕತ್ ಅಲಿಯವರೊಂದಿಗೆ ಮಂಗಳೂರಿಗೆ ಭೇಟಿ ನೀಡಿದರು. ಮಂಗಳೂರಿನ ವಕೀಲರಾಗಿದ್ದ ಕಾರ್ನಾಡು ಸದಾಶಿವ ರಾವ್ (1881–1937) ಅವರು ತಮ್ಮ ಆಸ್ತಿಯನ್ನೆಲ್ಲ ಚಳವಳಿಗೂ ಸಮಾಜಸೇವೆಗೂ ವಿನಿಯೋಗಿಸಿ ಜಿಲ್ಲೆಯ ಕಾಂಗ್ರೆಸ್ ಸಂಘಟನೆಯನ್ನು ಕಟ್ಟಿದರು. ಹಂಪನಕಟ್ಟೆಯಿಂದ ಹೊರಡುವ ಕೆ.ಎಸ್. ರಾವ್ ರಸ್ತೆಗೆ ಅವರ ಹೆಸರಿದೆ.

ಕರಾವಳಿಯ ಮಟ್ಟಿಗೆ ಎರಡು ಕಾಲದ ಹೋರಾಟಗಳ ನಡುವೆ ಒಂದು ಸಾಮ್ಯವಿದೆ. 1837ರ ನಿರೂಪಗಳಲ್ಲಿ ಪ್ರಸ್ತಾಪವಾದ ಉಪ್ಪಿನ ಪ್ರಶ್ನೆಯೇ 1930ರ ಸತ್ಯಾಗ್ರಹದ ಕೇಂದ್ರವಾಯಿತು. ಕೂಟ ಸೇರಿ ಕಂದಾಯ ನಿರಾಕರಿಸಿದ 1830–31ರ ರೈತರ ವಿಧಾನವೂ ಗಾಂಧಿ ಯುಗದ ಕರನಿರಾಕರಣೆಯನ್ನು ನೆನಪಿಗೆ ತರುತ್ತದೆ.

ಸ್ಮರಣೆ ಮತ್ತು ಇ೦ದಿನ ಸ್ಥಿತಿ

ಬಾವುಟಗುಡ್ಡದ ದೀಪಸ್ತಂಭದ ಆವರಣದಲ್ಲಿ ರವೀಂದ್ರನಾಥ ಠಾಗೋರರ ಹೆಸರಿನ ಉದ್ಯಾನವಿದೆ. ಸಂಜೆಯ ವೇಳೆ ಕಡಲನ್ನು ನೋಡಲು ಜನರು ಇಲ್ಲಿಗೆ ಬರುತ್ತಾರೆ. ಗುಡ್ಡದ ಈದ್ಗಾದಲ್ಲಿ ಹಬ್ಬದ ದಿನಗಳಂದು ಸಾಮೂಹಿಕ ಪ್ರಾರ್ಥನೆ ನಡೆಯುತ್ತದೆ.

2022ರ ನವೆಂಬರ್ 19ರಂದು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಇಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆಯನ್ನು ಅನಾವರಣಗೊಳಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರ ಪ್ರತಿಮೆ ಮಡಿಕೇರಿಯಲ್ಲಿದೆ. ಏಪ್ರಿಲ್ 5ನ್ನು ಮಂಗಳೂರು ಕಂಪನಿಯ ಆಡಳಿತದಿಂದ ಬಿಡುಗಡೆಯಾದ ದಿನವಾಗಿ ಸ್ಮರಿಸುವ ರೂಢಿಯೂ ಬೆಳೆದಿದೆ. ಬೆಳ್ಳಾರೆಯ ಬಂಗ್ಲೆಗುಡ್ಡೆ, ಮಂಗಳೂರಿನ ಬಾವುಟಗುಡ್ಡ ಮತ್ತು ಬಿಕರ್ನಕಟ್ಟೆ ಹಾಗೂ ಮಡಿಕೇರಿಯ ಕೋಟೆ ಈ ನಾಲ್ಕು ಸ್ಥಳಗಳು ದಂಗೆಯ ಆರಂಭ, ಏಳಿಗೆ ಮತ್ತು ಅಂತ್ಯಗಳನ್ನು ಗುರುತಿಸುತ್ತವೆ. ಇವುಗಳಲ್ಲಿ ಹೋರಾಟಗಾರರ ಗೆಲುವಿನೊಂದಿಗೆ ಹೆಸರು ಬೆಸೆದುಕೊಂಡಿರುವುದು ಬಾವುಟಗುಡ್ಡಕ್ಕೆ ಮಾತ್ರ.